ಕೊಲ್ಬೇರನೂ ಬೊಕ್ಕಸದ ಕರಾರುಗಳೂ

ಖಾಸಗಿ ಉದ್ಯಮಕ್ಕೆ ಸರಕಾರವು ಹಣ ಕೊಡುವುದಾದರೆ ಯಾವ ಕರಾರಿನ ಮೇಲೆ ಕೊಡಬೇಕು? ಅರ್ಥಶಾಸ್ತ್ರದ ತರಗತಿಯಲ್ಲಿ ನಾವು ಚರ್ಚಿಸುವ ಈ ಪ್ರಶ್ನೆಯೊಡನೆ ತನ್ನ ಆಯುಷ್ಯದ ಬಹುಭಾಗ ಹೆಣಗಿದವನು ಫ್ರಾನ್ಸಿನ ಝಾಂ ಬಾಪ್ತಿಸ್ತ್ ಕೊಲ್ಬೇರ್.

ಆತನು 1619ರಲ್ಲಿ ರೇಂಸ್ ನಗರದ ಬಟ್ಟೆ ವ್ಯಾಪಾರಿಯೊಬ್ಬನ ಮಗನಾಗಿ ಜನಿಸಿದನು. ಮಂತ್ರಿ ಮಝಾರಿನನ ಸ್ವಂತ ಆಸ್ತಿಯ ಲೆಕ್ಕಪತ್ರ ನೋಡಿಕೊಳ್ಳುತ್ತ ಮೇಲೇರಿದನು. 1661ರಲ್ಲಿ ಮಝಾರಿನನು ತೀರಿಕೊಂಡು, ಅರ್ಥಾಧಿಕಾರಿ ಫೂಕೆಯು ಸೆರೆಯಾದ ಮೇಲೆ ಹದಿನಾಲ್ಕನೆಯ ಲೂಯಿಯ ಬೊಕ್ಕಸವು ಇವನ ವಶಕ್ಕೆ ಬಂದಿತು.

ನಯವಾದ ಬಟ್ಟೆಗಾಗಿ ಹಾಲೆಂಡಿಗೂ ಕನ್ನಡಿಗಾಗಿ ವೆನಿಸ್ಸಿಗೂ ದೇಶದ ಬೆಳ್ಳಿಬಂಗಾರ ಹರಿದುಹೋಗುವುದನ್ನು ಕೊಲ್ಬೇರನು ಸಹಿಸಲಾರದಾದನು. 1665ರಲ್ಲಿ ವಾನ್ ರೋಬೆ ಎಂಬ ಡಚ್ ಬಟ್ಟೆ ತಯಾರಕನನ್ನು ಅವನ ಕೆಲಸಗಾರರ ಸಮೇತ ಅಬ್ಬೆವಿಲ್ಲಿಗೆ ಕರೆಸಿದನು. ಧನಸಹಾಯ, ತೆರಿಗೆ ವಿನಾಯಿತಿ, ಆ ಪ್ರದೇಶದಲ್ಲಿ 20 ವರ್ಷಗಳ ಏಕಸ್ವಾಮ್ಯ, ಪ್ರಾಟೆಸ್ಟೆಂಟರಾದ ಅವರಿಗೆ ಸ್ವಮತಾಚರಣೆಯ ಸ್ವಾತಂತ್ರ್ಯ, ಇಷ್ಟೂ ರಾಜನ ಸನ್ನದಿನಲ್ಲಿ ದೊರೆತವು. ಅದೇ ವರ್ಷ ಕನ್ನಡಿಯ ಕಂಪನಿಗೂ ಸನ್ನದು ಸಿಕ್ಕಿತು.

ಆದರೆ ಕೊಟ್ಟು ಸುಮ್ಮನಾಗುವವನಲ್ಲ ಈತ. ಬಟ್ಟೆಯ ಉದ್ದ, ಪನ್ನಗಳನ್ನು 1669ರ ಕಟ್ಟಳೆ ಗೊತ್ತುಮಾಡಿತು. ಪರೀಕ್ಷಿಸಲು ಅಧಿಕಾರಿಗಳು ನೇಮಕವಾದರು. ಬಣ್ಣ ಹಾಕುವುದಕ್ಕೆಂದೇ 1671ರಲ್ಲಿ 317 ವಿಧಿಗಳು ಹೊರಟವು! 1670ರ ಆಜ್ಞೆಯಂತೂ ಇನ್ನೂ ಕಠಿನ. ಕಳಪೆ ಬಟ್ಟೆಯನ್ನು ತಯಾರಿಸಿದವನ ಹೆಸರಿನೊಡನೆ 48 ಗಂಟೆಗಳ ಕಾಲ ಕಂಬಕ್ಕೆ ನೇತುಹಾಕಬೇಕು. ಮೂರನೆಯ ಸಲ ತಪ್ಪಿದರೆ ಮನುಷ್ಯನನ್ನೇ ಎರಡು ಗಂಟೆ ಕಂಬಕ್ಕೆ ಕಟ್ಟಬೇಕು. ತಲೆತಲಾಂತರದಿಂದ ಮಗ್ಗವನ್ನೇ ನಂಬಿದ ನೇಕಾರನು ಪ್ಯಾರಿಸಿನಿಂದ ಬಂದ ಅಳತೆಗೋಲನ್ನು ಹೇಗೆ ಪ್ರೀತಿಸಿಯಾನು?

ಒಬ್ಬನಿಗೆ ಕೊಟ್ಟ ಸನ್ನದು ಇನ್ನೊಬ್ಬರ ಅನ್ನಕ್ಕೆ ಕೈಹಾಕಿದ್ದೂ ಉಂಟು. ಲೇಸ್ ಹೆಣಿಗೆಯ ಏಕಸ್ವಾಮ್ಯವನ್ನು ಒಂದು ಕಂಪನಿಗೆ ವಹಿಸಿದಾಗ, ಮನೆಯಲ್ಲೇ ಹೆಣೆದು ಹೊಟ್ಟೆಹೊರೆಯುತ್ತಿದ್ದ ಅಲಾನ್ಸೋನಿನ ಹೆಂಗಸರು ಬೀದಿಗಿಳಿದು ಪ್ರತಿಭಟಿಸಿದರು. ಕೊಲ್ಬೇರನ ಸಮರ್ಥಕರು ಈ ಪ್ರಸಂಗವನ್ನು ಬೇಗ ದಾಟಿಬಿಡುತ್ತಾರೆ; ನನಗೆ ಅದೇ ಮುಖ್ಯವಾಗಿ ತೋರುತ್ತದೆ.

ಈಸ್ಟ್ ಇಂಡಿಯಾ ಕಂಪನಿಯೊಂದನ್ನೂ ಆತನು 1664ರಲ್ಲಿ ರಾಜನ ಹಣ ತೊಡಗಿಸಿ ಕಟ್ಟಿಸಿದನು. 1668ರಲ್ಲಿ ಸೂರತ್ತಿನಲ್ಲಿ ಅದರ ಕೋಠಿ ಎದ್ದಿತು. ಫ್ರೆಂಚರು ಮುಂದೆ ಪಾಂಡಿಚೇರಿಗೆ ಬಂದದ್ದು ಈ ಕಂಪನಿಯ ಮೂಲಕವೇ.

ಸಹಾಯವು ಎಳೆಯ ಉದ್ಯಮಕ್ಕೆ ಮಾತ್ರ, ಅದು ನಡೆಯಲು ಕಲಿತೊಡನೆ ನಿಲ್ಲಬೇಕು ಎಂಬುದು ಕೊಲ್ಬೇರನ ಎಣಿಕೆಯಾಗಿತ್ತು. ಅವನ ಕರಾರುಗಳಲ್ಲೆಲ್ಲ ಇದೇ ಬೆಲೆಯುಳ್ಳದ್ದು, ಇದೇ ಪಾಲನೆಯಾಗದೆ ಹೋದದ್ದು. ಗೆದ್ದ ಕಾರ್ಖಾನೆಯೂ ಸನ್ನದಿನ ಅವಧಿಯನ್ನು ಬೆಳೆಸಿಕೊಳ್ಳುತ್ತ ಹೋಯಿತು. ಉಳಿಸಿದ ಹಣವನ್ನೋ 1672ರಲ್ಲಿ ಆರಂಭವಾದ ಡಚ್ ಯುದ್ಧವೂ ವರ್ಸೇಯ ಅರಮನೆಯೂ ನುಂಗಿದವು.

1683ರ ಸೆಪ್ಟೆಂಬರ್ 6ರಂದು ಆತನು ತೀರಿಕೊಂಡಾಗ, ತೆರಿಗೆಯಿಂದ ಬಳಲಿದ ಪ್ಯಾರಿಸಿನ ಜನರಿಗೆ ಹೆದರಿ ಶವವನ್ನು ರಾತ್ರಿಯಲ್ಲಿ ಸಾಗಿಸಬೇಕಾಯಿತು. ಎರಡು ವರ್ಷಗಳಲ್ಲಿ ರಾಜನು ಪ್ರಾಟೆಸ್ಟೆಂಟರಿಗಿದ್ದ ಮತಸ್ವಾತಂತ್ರ್ಯವನ್ನು ರದ್ದುಗೊಳಿಸಿದನು. ಸಾವಿರಾರು ಕುಶಲಕರ್ಮಿಗಳು ಹಾಲೆಂಡ್, ಇಂಗ್ಲೆಂಡುಗಳಿಗೆ ಓಡಿದರು. ವಾನ್ ರೋಬೆಯ ಮನೆತನದವರು ಮಾತ್ರ ಅಬ್ಬೆವಿಲ್ಲಿನಲ್ಲಿಯೇ ಉಳಿದು, ಹದಿನೆಂಟನೆಯ ಶತಮಾನದಲ್ಲೂ ರಾಜಸನ್ನದಿನ ಆಶ್ರಯದಲ್ಲಿ ಬಟ್ಟೆ ನೇಯಿಸುತ್ತಿದ್ದರು.