ಸುಟ್ಟುಹೋದ ಮೊದಲ ಚಿತ್ರ
ಕ್ಯಾಮೆರಾ ಕಲಿಯುವ ನಮ್ಮ ಮಕ್ಕಳು ರಾಬರ್ಟ್ ಫ್ಲಾಹರ್ಟಿಯವರ ಬದುಕು ತಿಳಿಯಬೇಕು. 1884ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಇವರು ಸಿನಿಮಾದವರೇ ಅಲ್ಲ. ಕೆನಡಾದ ಹಿಮಪ್ರದೇಶದಲ್ಲಿ ಕಬ್ಬಿಣದ ಅದಿರು ಹುಡುಕುವ ಕೆಲಸದಲ್ಲಿದ್ದರು. 1913ರಲ್ಲಿ ಜೊತೆಗೊಂದು ಕ್ಯಾಮೆರಾ ಒಯ್ದು ಅಲ್ಲಿನ ಇನ್ಯುಟ್ ಜನರನ್ನು ಚಿತ್ರಿಸಿದರು.

1916ರಲ್ಲಿ ಟೊರಾಂಟೊದಲ್ಲಿ ಸಿಗರೇಟಿನ ಕಿಡಿ ಬಿದ್ದು ಸುಮಾರು 30 ಸಾವಿರ ಅಡಿ ಫಿಲ್ಮ್ ಬೂದಿಯಾಯ್ತು. ನಾವಾಗಿದ್ದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದೆವು. ಉಳಿದ ಒಂದು ಪ್ರತಿ ನೋಡಿ ಅವರಿಗೆ ಹೊಳೆದದ್ದೇ ಬೇರೆ: ದೃಶ್ಯ ದೃಶ್ಯಕ್ಕೆ ಕೊಂಡಿಯೇ ಇಲ್ಲ, ಒಂದು ಕುಟುಂಬದ ಬದುಕನ್ನು ಹಿಡಿಯಬೇಕಿತ್ತು!

1920ರಲ್ಲಿ ತುಪ್ಪಳ ವ್ಯಾಪಾರದ ಫ್ರೆಂಚ್ ಕಂಪೆನಿಯ ಹಣದಲ್ಲಿ ಮತ್ತೆ ಹೋದರು. ತೆಗೆದ ಫಿಲ್ಮನ್ನು ಅಲ್ಲೇ ತೊಳೆದು ಆ ಜನರಿಗೇ ತೋರಿಸುತ್ತಿದ್ದರು. 1922ರಲ್ಲಿ 'ನಾನೂಕ್ ಆಫ್ ದ ನಾರ್ತ್' ತೆರೆಕಂಡಿತು. ಬಂದೂಕು ಬಳಸುತ್ತಿದ್ದವರ ಕೈಗೆ ಹಳೇ ಈಟಿ ಕೊಟ್ಟು ಬೇಟೆ ಆಡಿಸಿದ್ದು ಮಾತ್ರ ನಮಗೆ ಸರಿ ಕಾಣುವುದಿಲ್ಲ. ಮುಂದೆ 1951ರಲ್ಲಿ ತೀರಿಕೊಳ್ಳುವ ತನಕ ಚಿತ್ರವೇ ಅವರ ಕೆಲಸವಾಯ್ತು.