ಗಾಲಿಕುರ್ಚಿಯಲ್ಲಿ ಕುಳಿತ ಶಸ್ತ್ರವೈದ್ಯೆ

ನಮ್ಮ ನವಲಗುಂದದ ಕಡೆಯ ಎರೆನೆಲವು ಮಳೆಗಾಲದಲ್ಲಿ ಎಂತಹ ಗಟ್ಟಿಗನನ್ನೂ ಕೆಡವಬಲ್ಲುದು. ಎರಡು ವರ್ಷಗಳ ಕೆಳಗೆ ಶ್ರಾವಣದಲ್ಲಿ ನಮ್ಮ ಕಾಕಾ ಹೊಲದ ಬದುವಿನಿಂದ ಜಾರಿ ಬಿದ್ದು ತೊಡೆಯೆಲುಬನ್ನು ಟೊಂಕದ ಸಮೀಪ ಮುರಿದುಕೊಂಡರು. ಹುಬ್ಬಳ್ಳಿಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಲೋಹದ ಸರಳನ್ನಿಟ್ಟು ಎಲುಬನ್ನು ಕೂಡಿಸಿದರು. ಮರುದಿನವೇ ಅವರನ್ನು ಎಬ್ಬಿಸಿ ನಿಲ್ಲಿಸಲು ಬಂದ ತರುಣ ಚಿಕಿತ್ಸಕನನ್ನು ಕಂಡು ನಾವೆಲ್ಲ ಗಾಬರಿಯಾದೆವು. ಊರಿಗೆ ಕರೆತಂದ ಮೇಲೆ ನೋಡಲು ಬಂದ ಬೀಗರು, ನೆರೆಯವರು, ಹಿರಿಯರು ಎಲ್ಲರದೂ ಒಂದೇ ಉಪದೇಶ: ಮೂರು ತಿಂಗಳು ಹೊರಸು ಬಿಟ್ಟು ಏಳಕೂಡದು. ಆಸ್ಪತ್ರೆಯಲ್ಲಿ ಕೊಟ್ಟಿದ್ದ ವ್ಯಾಯಾಮದ ಹಾಳೆಯನ್ನು ಯಾರೋ ಗೋಡೆಯ ಮಾಡದಲ್ಲಿಟ್ಟರು. ಅದು ಅಲ್ಲಿಯೇ ದೀಪದ ಎಣ್ಣೆ ಕುಡಿಯುತ್ತ ಉಳಿಯಿತು. ಮೂರು ತಿಂಗಳಿಗೆ ಎಲುಬೇನೋ ಕೂಡಿತು. ಆದರೆ ಮೊಣಕಾಲು ಮಡಿಯದಾಯಿತು, ತೊಡೆಯ ಮಾಂಸ ಕರಗಿಹೋಯಿತು. ಪ್ರೀತಿಯಿಂದಲೇ ನಾವು ಅವರನ್ನು ಕುಂಟರನ್ನಾಗಿ ಮಾಡಿದ್ದೆವು.

ಆ ದಿನಗಳಲ್ಲಿ ನಾನು ಮತ್ತೆ ಮತ್ತೆ ನೆನೆದದ್ದು ವೆಲ್ಲೂರಿನ ಡಾಕ್ಟರ್ ಮೇರಿ ವರ್ಗೀಸ್ ಅವರನ್ನು. ವೈದ್ಯವಿದ್ಯಾರ್ಥಿಗಳಿಗೆ ಆ ಹೆಸರು ಚೆನ್ನಾಗಿ ಗೊತ್ತು. ಸಾಹಿತ್ಯದ ವಾಚಕರಿಗೆ ಅಷ್ಟು ಪರಿಚಿತವಲ್ಲವೇನೋ. ಶಸ್ತ್ರದ ಕೆಲಸ ಎಲ್ಲಿಗೆ ಮುಗಿಯುತ್ತದೆ, ರೋಗಿಯ ಕೆಲಸ ಎಲ್ಲಿಂದ ಮೊದಲಾಗುತ್ತದೆ ಎಂಬುದನ್ನು ತಮ್ಮ ಶರೀರದ ಮೇಲೆಯೇ ಕಂಡುಕೊಂಡು, ಬಳಿಕ ಅದನ್ನೇ ಒಂದು ಶಾಸ್ತ್ರವಾಗಿ ನಡೆಸಿದ ಹೆಣ್ಣುಮಗಳು ಆಕೆ.

ಮೇರಿ ಹುಟ್ಟಿದ್ದು 1925ರಲ್ಲಿ, ಕೊಚ್ಚಿಯ ಬಳಿಯ ಚೆರಾಯಿ ಎಂಬ ಕಡಲಂಚಿನ ಊರಿನಲ್ಲಿ. ಅನುಕೂಲಸ್ಥರಾದ ಸಿರಿಯನ್ ಕ್ರೈಸ್ತ ಮನೆತನ. ಎರ್ನಾಕುಲಂನಲ್ಲಿ ಕಾಲೇಜು ಓದಿ, ಅಲ್ಲಿಂದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಅಮೆರಿಕದ ಐಡಾ ಸ್ಕಡರ್ ಎಂಬ ವೈದ್ಯೆ 1900ರಲ್ಲಿ ಸಣ್ಣದಾಗಿ ಆರಂಭಿಸಿದ ಚಿಕಿತ್ಸಾಲಯವು ಬೆಳೆದು, 1918ರಲ್ಲಿ ಸ್ತ್ರೀಯರಿಗಾಗಿ ವೈದ್ಯಶಾಲೆಯಾಗಿ, ಆಮೇಲೆ ಪೂರ್ಣ ಕಾಲೇಜಾದ ಸಂಸ್ಥೆಯದು. ನಮ್ಮ ಕಡೆಯಿಂದಲೂ ಕಠಿಣ ರೋಗವೆಂದರೆ ಗಂಟುಮೂಟೆ ಕಟ್ಟಿಕೊಂಡು ಕಾಟ್ಪಾಡಿಯಲ್ಲಿ ರೈಲು ಇಳಿಯುವವರುಂಟು. ಮೇರಿಯವರ ಮನಸ್ಸು ಸ್ತ್ರೀರೋಗ ಮತ್ತು ಪ್ರಸೂತಿಯ ಕಡೆಗಿತ್ತು. ಪದವಿ ಪಡೆದು ಅದೇ ದಾರಿಯಲ್ಲಿ ತರಬೇತಿಯೂ ಸಾಗಿತ್ತು.

1954ರ ಜನವರಿಯಲ್ಲಿ ಸಹೋದ್ಯೋಗಿಗಳೊಡನೆ ವಿಹಾರಕ್ಕೆ ಹೊರಟಾಗ ಅವರಿದ್ದ ವಾಹನ ಉರುಳಿತು. ಮುಖ ಸೀಳಿಹೋಯಿತು. ಬೆನ್ನುಹುರಿಗೆ ಪೆಟ್ಟು ಬಿದ್ದು ಟೊಂಕದ ಕೆಳಗಿನ ದೇಹ ನಿಶ್ಚೇಷ್ಟವಾಯಿತು. ಆಗ ಆಕೆಗೆ ಇಪ್ಪತ್ತೆಂಟು ವರ್ಷ. ಪ್ರಸೂತಿವೈದ್ಯೆಯಾಗಬೇಕಾದವಳು ನಿಲ್ಲಲಾರದವಳಾದಳು.

ಆ ಕಾಲದಲ್ಲಿ ಬೆನ್ನುಹುರಿ ಕೆಟ್ಟವರ ಗತಿಯೇನೆಂಬುದನ್ನು ಇಲ್ಲಿ ಹೇಳಬೇಕು. ಒಂದು ತಲೆಮಾರಿನ ಹಿಂದೆ, ಮೊದಲ ಮಹಾಯುದ್ಧದ ಹೊತ್ತಿಗೆ, ಅಂಥವರಲ್ಲಿ ಬಹುಮಂದಿ ಬದುಕುತ್ತಿರಲಿಲ್ಲ. ಅವರನ್ನು ಕೊಲ್ಲುತ್ತಿದ್ದುದು ಪೆಟ್ಟಿಗಿಂತ ಹೆಚ್ಚಾಗಿ ಹಾಸಿಗೆ. ಸ್ಪರ್ಶವಿಲ್ಲದ ಚರ್ಮ ಒಂದೇ ಮಗ್ಗುಲಲ್ಲಿ ಒತ್ತಿ ಹುಣ್ಣಾಗುತ್ತಿತ್ತು, ಮೂತ್ರಕೋಶಕ್ಕೆ ನಂಜೇರುತ್ತಿತ್ತು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ ಎಂಬ ವೈದ್ಯರು ಇದನ್ನು ತಿರುಗಿಸಿದರು. ಹಗಲೂ ರಾತ್ರಿಯೂ ಎರಡೆರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸುವುದು, ಉಳಿದ ಸ್ನಾಯುಗಳಿಗೆ ಬಲ ತುಂಬುವುದು, ಚೆಂಡಾಟ, ಬಿಲ್ಲುವಿದ್ಯೆ! ಹಾಸಿಗೆಯಲ್ಲಿ ಸಾಯಬೇಕಾಗಿದ್ದ ಸೈನಿಕರು ಕುರ್ಚಿಯಲ್ಲಿ ಕುಳಿತು 1948ರಲ್ಲಿ ಕ್ರೀಡಾಸ್ಪರ್ಧೆಯನ್ನೇ ನಡೆಸಿದರು. ಆದರೆ ಈ ಮಾತು 1954ರ ಭಾರತಕ್ಕೆ ಇನ್ನೂ ದೂರದ ಸುದ್ದಿ.

ಮೇರಿಯವರ ಬೆನ್ನಿನ ಮೇಲೆ ಶಸ್ತ್ರಚಿಕಿತ್ಸೆಗಳಾದವು. ಶಸ್ತ್ರಚಿಕಿತ್ಸೆಯಿಂದ ಬೆನ್ನು ನೆಟ್ಟಗೆ ನಿಂತೀತು. ಕುಳಿತುಕೊಳ್ಳುವ ವಿದ್ಯೆ ಅದರಿಂದ ಬರುವುದಿಲ್ಲ. ಕಾಲು ಸತ್ತವರಿಗೆ ತೋಳೇ ಕಾಲು. ಕುರ್ಚಿಯ ಕೈಗಳನ್ನು ಅದುಮಿ ಇಡೀ ದೇಹವನ್ನು ಮೇಲೆತ್ತಬೇಕು. ಹಾಗೆ ಗಳಿಗೆಗೊಮ್ಮೆ ಎತ್ತಿಕೊಳ್ಳದಿದ್ದರೆ ಕುಳಿತಲ್ಲೇ ಹುಣ್ಣು. ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಹಾಸಿಗೆಗೆ ಜರುಗಲು ಕಲಿಯಬೇಕು. ಮಗು ಒಂದು ವರ್ಷದಲ್ಲಿ ಆಡುತ್ತಾಡುತ್ತ ಕಲಿಯುವುದನ್ನು ವಿದ್ಯಾವಂತೆಯಾದ ಪ್ರೌಢೆಯೊಬ್ಬಳು ಬೆವರು ಸುರಿಸಿ ಕಲಿಯಬೇಕಾಯಿತು.

ಇನ್ನು ಮುಂದೇನು ಎಂಬ ಪ್ರಶ್ನೆಗೆ ಉತ್ತರ ತಂದವರು ಪಾಲ್ ಬ್ರ್ಯಾಂಡ್. ಇವರು ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಮಿಶನರಿ ದಂಪತಿಗಳ ಮಗನಾಗಿ ಹುಟ್ಟಿ, ಇಂಗ್ಲೆಂಡಿನಲ್ಲಿ ಮೊದಲು ಬಡಗಿಯ ಹಾಗೂ ಗೌಂಡಿಯ ಕೆಲಸ ಕಲಿತು, ತರುವಾಯ ಶಸ್ತ್ರವೈದ್ಯರಾಗಿ 1946ರಲ್ಲಿ ವೆಲ್ಲೂರಿಗೆ ಬಂದವರು. ಕೈಯ ಮೇಲಿನ ಶಸ್ತ್ರಕ್ರಿಯೆಯನ್ನು ಕುಳಿತೇ ಮಾಡುವುದು ವಾಡಿಕೆ. ಹಾಗಿರುವಾಗ ಮೇರಿ ಏಕೆ ಕೈಗಳ ಶಸ್ತ್ರವೈದ್ಯೆಯಾಗಬಾರದು ಎಂದು ಅವರಿಗೆ ತೋರಿತು. ಎಷ್ಟು ಸರಳವಾದ ಯುಕ್ತಿ! ನಿಲ್ಲಲಾಗದು ಎಂಬ ಒಂದೇ ನಡೆಯ ಸುತ್ತ ಎಲ್ಲರೂ ಸುತ್ತುತ್ತಿದ್ದಾಗ, ಕುಳಿತು ಮಾಡುವ ಕೆಲಸ ಯಾವುದೆಂದು ಒಬ್ಬರು ಕೇಳಿಕೊಂಡರು.

ಆ ಕೈಗಳು ಕುಷ್ಠರೋಗಿಗಳ ಕೈಗಳು. ಹಳಗನ್ನಡ ಓದುವ ನಮ್ಮ ವಿದ್ಯಾರ್ಥಿಗಳು ವಡ್ಡಾರಾಧನೆಯ ಸನತ್ಕುಮಾರ ಚಕ್ರವರ್ತಿಯನ್ನು ಬಲ್ಲರು. ರೋಗಪೀಡಿತನಾಗಿಯೂ, ವೈದ್ಯನ ವೇಷದಲ್ಲಿ ಬಂದ ದೇವನ ಚಿಕಿತ್ಸೆಯನ್ನು ಒಲ್ಲೆನೆಂದವನು ಅವನು. ಮುನಿಗೆ ಅದು ಒಪ್ಪುವ ಮಾತು. ಆದರೆ ವೆಲ್ಲೂರಿನ ಬೀದಿಯಲ್ಲಿ ಮುದುಡಿದ ಕೈಚಾಚಿ ಬೇಡುತ್ತಿದ್ದವರು ಚಕ್ರವರ್ತಿಗಳಾಗಿರಲಿಲ್ಲ. ಅವರಿಗೆ ಬೇಕಾಗಿದ್ದುದು ತುತ್ತನ್ನು ಬಾಯಿಗೆ ಒಯ್ಯುವ ಬೆರಳು.

ಕುಷ್ಠದಲ್ಲಿ ಮೊಣಕೈಯ ಬಳಿಯ ನರ ಕೆಟ್ಟು ಅಂಗೈಯೊಳಗಿನ ಸಣ್ಣ ಸ್ನಾಯುಗಳು ಸಾಯುತ್ತವೆ; ಬೆರಳುಗಳು ಹಕ್ಕಿಯ ಉಗುರಿನಂತೆ ಮಡಚಿಕೊಳ್ಳುತ್ತವೆ. ಆದರೆ ಮುಂಗೈಯ ದೊಡ್ಡ ಸ್ನಾಯುಗಳಲ್ಲಿ ಬಹಳಷ್ಟು ಬಲವಾಗಿಯೇ ಉಳಿದಿರುವುದನ್ನು ಬ್ರ್ಯಾಂಡ್ ಅವರು ಕಂಡರು. ಸ್ನಾಯುವನ್ನು ಎಲುಬಿಗೆ ಬಿಗಿಯುವ ಬಿಳಿಯ ಹುರಿಗೆ ಕಂಡರವೆಂದು ಹೆಸರು. ಉಂಗುರಬೆರಳನ್ನು ಮಡಿಸಲು ಪ್ರಕೃತಿ ಎರಡು ಕಂಡರಗಳನ್ನು ಕೊಟ್ಟಿದೆ. ಒಂದನ್ನು ತೆಗೆದರೂ ಕೆಲಸ ನಿಲ್ಲದು. ಆ ಒಂದನ್ನು ಬಿಡಿಸಿ, ನಾಲ್ಕಾಗಿ ಸೀಳಿ, ನಾಲ್ಕು ಬೆರಳುಗಳ ಪಕ್ಕಕ್ಕೆ ಹೊಲಿದರೆ ಸತ್ತ ಸ್ನಾಯುಗಳ ಕೆಲಸವನ್ನು ಅದು ಮಾಡೀತು. 1948ರಿಂದ ಇಂಥ ಶಸ್ತ್ರಕ್ರಿಯೆಗಳು ವೆಲ್ಲೂರಿನಲ್ಲಿ ನಡೆದವು. ಮೇರಿಯವರು ಗಾಲಿಕುರ್ಚಿಯಲ್ಲಿ ಕುಳಿತು ಇವನ್ನೇ ಕಲಿತರು, ಇವನ್ನೇ ಮಾಡಿದರು.

ಇಲ್ಲಿ ಸ್ವಲ್ಪ ನಿಲ್ಲೋಣ. ಏಕೆಂದರೆ ಈ ಶಸ್ತ್ರಕ್ರಿಯೆ ಬರಿಯ ಹೊಲಿಗೆಯಲ್ಲ. ವರ್ಷಗಟ್ಟಲೆ ಮಡಚಿದ ಬೆರಳಿನ ಕೀಲು ಬಿಗಿದುಹೋಗಿರುತ್ತದೆ. ಬಿಗಿದ ಕೀಲಿನ ಮೇಲೆ ಎಷ್ಟು ಒಳ್ಳೆಯ ಕಂಡರ ಕಟ್ಟಿದರೇನು? ತುಕ್ಕು ಹಿಡಿದ ರಾಟೆಗೆ ಹೊಸ ಹಗ್ಗ ಹಾಕಿದಂತೆ. ಆದ್ದರಿಂದ ಕತ್ತಿ ಮುಟ್ಟುವುದಕ್ಕೆ ವಾರಗಟ್ಟಲೆ ಮೊದಲೇ ಕೆಲಸ ತೊಡಗುತ್ತಿತ್ತು. ಕರಗಿದ ಬೆಚ್ಚನೆಯ ಮೇಣದಲ್ಲಿ ಕೈಯನ್ನು ಅದ್ದುವುದು, ಎಣ್ಣೆ ಹಚ್ಚಿ ತೀಡುವುದು, ಬೆರಳನ್ನು ಮೆಲ್ಲಮೆಲ್ಲನೆ ನೆಟ್ಟಗೆ ಮಾಡುವುದು, ನೆಟ್ಟಗಾದಷ್ಟನ್ನು ಪ್ಲಾಸ್ಟರಿನ ಕೊಳವೆಯಲ್ಲಿ ಹಿಡಿದಿಡುವುದು, ಕೆಲವು ದಿನ ಬಿಟ್ಟು ಮತ್ತೆ ಇನ್ನಷ್ಟು. ಅದರ ಜೊತೆಗೆ, ಮುಂದೆ ಜಾಗ ಬದಲಿಸಲಿರುವ ಸ್ನಾಯು ಯಾವುದೋ ಅದೊಂದನ್ನೇ ಪ್ರತ್ಯೇಕವಾಗಿ ಆಡಿಸುವುದನ್ನು ರೋಗಿಗೆ ಕಲಿಸುವುದು. ಇಂಗ್ಲೆಂಡಿನ ರೂತ್ ಥಾಮಸ್ ಎಂಬ ಚಿಕಿತ್ಸಕಿ ವೆಲ್ಲೂರಿನಲ್ಲಿ ಈ ವಿದ್ಯೆಗೆ ಅಡಿಪಾಯ ಹಾಕಿದವರಲ್ಲೊಬ್ಬರು.

ಶಸ್ತ್ರಕ್ರಿಯೆಯಾಗಿ ಸುಮಾರು ಮೂರು ವಾರಕ್ಕೆ ಪ್ಲಾಸ್ಟರ್ ಬಿಚ್ಚಿದ ಮೇಲಿನ ನೋಟ ಅಚ್ಚರಿಯದು. ಬೆರಳುಗಳನ್ನು ನೀಡೆಂದರೆ ರೋಗಿಗೆ ಬಾರದು. ಮಿದುಳು ಹಳೆಯ ಅಪ್ಪಣೆಯನ್ನೇ ಕಳಿಸುತ್ತಿರುತ್ತದೆ. ಸ್ನಾಯುವಾದರೋ ಹೊಸ ಮನೆಗೆ ಹೋಗಿದೆ. ಆಗ ಚಿಕಿತ್ಸಕಿ ಉಂಗುರಬೆರಳನ್ನು ಮಡಿಸಲು ಹೇಳುತ್ತಾಳೆ. ರೋಗಿ ಮಡಿಸಹೋಗುತ್ತಾನೆ, ನಾಲ್ಕೂ ಬೆರಳು ಬುಡದಲ್ಲಿ ಬಾಗಿ ತುದಿಯಲ್ಲಿ ನೆಟ್ಟಗಾಗುತ್ತವೆ! ತನ್ನ ಕೈ ತನಗೇ ಹೊಸದು. ದಿನಕ್ಕೆ ಹಲವು ಸಲದಂತೆ ವಾರಗಟ್ಟಲೆ ಅಭ್ಯಾಸ ಮಾಡಿದ ಮೇಲೆ ಆ ಯೋಚನೆ ಮರೆತುಹೋಗಿ ಕೈ ತಾನಾಗಿ ಕೆಲಸ ಮಾಡುತ್ತದೆ.

ಇನ್ನೊಂದು ಸೂಕ್ಷ್ಮವುಂಟು. ಕುಷ್ಠರೋಗಿಯ ಕೈಗೆ ನೋವು ತಿಳಿಯದು. ಆತ ಉತ್ಸಾಹದಿಂದ ಮಿತಿಮೀರಿ ವ್ಯಾಯಾಮ ಮಾಡಿ ಹೊಲಿಗೆಯನ್ನೇ ಹರಿದುಕೊಳ್ಳಬಹುದು. ಆದುದರಿಂದ ಚಿಕಿತ್ಸಕರು ಅವನ ಮಾತನ್ನು ನಂಬದೆ ಕೈಯ ಬಾವನ್ನೂ ಬಿಸಿಯನ್ನೂ ನೋಡಿ ಎಲ್ಲಿ ನಿಲ್ಲಬೇಕೆಂದು ನಿರ್ಧರಿಸುತ್ತಿದ್ದರು. ನಮ್ಮ ಕಾಕಾನ ಕಥೆ ಇದಕ್ಕೆ ನೇರ ವಿರುದ್ಧ. ಅವರಿಗೆ ನೋವು ತಿಳಿಯುತ್ತಿತ್ತು. ಪ್ರತಿ ನೋವನ್ನೂ ಎಲುಬು ಮತ್ತೆ ಮುರಿದ ಸೂಚನೆಯೆಂದೇ ನಾವು ಬಗೆದೆವು. ನೋವಿಲ್ಲದವನಿಗೆ ತಡೆ ಬೇಕು, ನೋವಿದ್ದವನಿಗೆ ಧೈರ್ಯ ಬೇಕು. ಎರಡನ್ನೂ ಅಳೆದು ಕೊಡಲು ತಿಳಿದವರೊಬ್ಬರು ಹತ್ತಿರವಿರಬೇಕು. ನಮ್ಮೂರಿನಿಂದ ಅಂಥವರ ಬಳಿಗೆ ಹೋಗಬೇಕಾದರೆ ಬಸ್ಸು ಹಿಡಿಯಬೇಕು. ಕಾಲು ಮಡಿಯದವರು ಬಸ್ಸಿನ ಮೆಟ್ಟಿಲು ಹತ್ತುವುದೆಂತು?

ಮೇರಿಯವರು ಕೈಗಳ ಶಸ್ತ್ರವೈದ್ಯೆಯಾಗಿಯೇ ಉಳಿದಿದ್ದರೂ ಅವರ ಜೀವನ ಸಾರ್ಥಕವಾಗುತ್ತಿತ್ತು. ಆದರೆ ಅವರಿಗೆ ತಮ್ಮಂತೆ ಟೊಂಕದ ಕೆಳಗೆ ಸತ್ತವರ ನೆನಪು ಬಿಡಲಿಲ್ಲ. ಮರದಿಂದ ಬಿದ್ದವರು, ಬಾವಿಗೆ ಬಿದ್ದವರು, ಮೂಟೆ ಹೊತ್ತು ಕುಸಿದವರು. ಇವರಿಗೆ ಬ್ರ್ಯಾಂಡರಂಥ ಗುರುವಾಗಲಿ, ಅನುಕೂಲವಾದ ಮನೆಯಾಗಲಿ ಎಲ್ಲಿ? ಅವರು ಆಸ್ಟ್ರೇಲಿಯದ ಪರ್ತ್ ನಗರಕ್ಕೆ ಹೋಗಿ ಅಲ್ಲಿಯ ಆಸ್ಪತ್ರೆಯಲ್ಲಿ ತಾವೇ ರೋಗಿಯಾಗಿ ತರಬೇತಿ ಪಡೆದರು. ಮುಂದೆ ನ್ಯೂಯಾರ್ಕಿನಲ್ಲಿ ಹೊವರ್ಡ್ ರಸ್ಕ್ ಅವರ ಸಂಸ್ಥೆಯಲ್ಲಿ ವೈದ್ಯೆಯಾಗಿ ಕಲಿತರು. ಎರಡನೆಯ ಮಹಾಯುದ್ಧದಲ್ಲಿ, ಗುಣವಾಗುತ್ತಿರುವ ಸೈನಿಕರು ಸುಮ್ಮನೆ ಮಲಗಿ ಹಾಳಾಗುವುದನ್ನು ಕಂಡು, ಅವರಿಗೆ ಹಾಸಿಗೆಯಲ್ಲಿಯೇ ವ್ಯಾಯಾಮವನ್ನೂ ಪಾಠವನ್ನೂ ಏರ್ಪಡಿಸಿದವರು ಈ ರಸ್ಕ್. ಶಸ್ತ್ರ, ಔಷಧಿಗಳ ಬಳಿಕ ಮನುಷ್ಯನನ್ನು ಮತ್ತೆ ಮನೆಗೆ, ಕೆಲಸಕ್ಕೆ ಮರಳಿಸುವುದು ವೈದ್ಯಶಾಸ್ತ್ರದ ಇನ್ನೊಂದು ಅಂಗವೇ ಎಂಬುದು ಅವರ ಮತ. ಗಾಲಿಕುರ್ಚಿಯ ಮೇಲೆ, ಪರದೇಶದ ಚಳಿಯಲ್ಲಿ ಮೇರಿಯವರು ಆ ಕಲಿಕೆಯನ್ನು ಪೂರೈಸಿಕೊಂಡರು.

1963ರಲ್ಲಿ ವೆಲ್ಲೂರಿನಲ್ಲಿ ಪುನರ್ವಸತಿ ಚಿಕಿತ್ಸೆಯ ವಿಭಾಗ ಅವರ ಮುಂದಾಳುತನದಲ್ಲಿ ನಡೆಯತೊಡಗಿತು. 1966ರಲ್ಲಿ ಅದಕ್ಕೆ ತನ್ನದೇ ಆದ ಸಂಸ್ಥೆಯಾಯಿತು; ಊರ ಹೊರಗೆ ಬಾಗಾಯಂನಲ್ಲಿ, ಕಾಲೇಜಿನ ಆವರಣದಲ್ಲಿ. ಹೊಸದಾಗಿ ಬಂದ ರೋಗಿ ತನ್ನ ಬದುಕು ಮುಗಿಯಿತೆಂದು ಗೋಡೆಗೆ ಮುಖ ಮಾಡಿ ಮಲಗಿದ್ದಾಗ, ಅವನ ಹಾಸಿಗೆಯ ಬಳಿ ಬರುತ್ತಿದ್ದ ಮುಖ್ಯ ವೈದ್ಯೆ ಕೂಡ ಚಕ್ರಗಳ ಮೇಲೆಯೇ ಬರುತ್ತಿದ್ದರು. ಆ ನೋಟ ಮಾಡಿದ ಕೆಲಸವನ್ನು ಯಾವ ಉಪದೇಶವೂ ಮಾಡಲಾರದೆಂದು ನನ್ನ ಎಣಿಕೆ. 1972ರಲ್ಲಿ ಸರಕಾರ ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತಿತು. 1986ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಮೂವತ್ತೆರಡಕ್ಕೂ ಹೆಚ್ಚು ವರ್ಷ ಅವರು ಕಾಲಿಲ್ಲದೆ ನಡೆದಿದ್ದರು.

ಮೇರಿಯವರ ಕಾಲಕ್ಕಿಂತ ಈಗ ಬಹಳ ಬದಲಾಗಿದೆ. ಮೊಣಕಾಲಿನ ಕೀಲನ್ನೇ ತೆಗೆದು ಹೊಸದನ್ನು ಕೂಡಿಸುವ ಶಸ್ತ್ರಕ್ರಿಯೆ ನಮ್ಮ ಹುಬ್ಬಳ್ಳಿ-ಧಾರವಾಡಗಳಲ್ಲಿಯೂ ಈಗ ಸಾಮಾನ್ಯ. ಆದರೆ ಕ್ರಮ ಅದೇ. ಶಸ್ತ್ರಕ್ರಿಯೆಗೆ ಮೊದಲೇ ತೊಡೆಯ ಮುಂಭಾಗದ ಸ್ನಾಯುವನ್ನು ಬಿಗಿದು ಸಡಿಲಿಸಿ ಬಲಪಡಿಸಬೇಕು, ಊರುಗೋಲು ಹಿಡಿಯಲು ಕಲಿತಿರಬೇಕು, ದೀರ್ಘವಾಗಿ ಉಸಿರಾಡಲು ಕಲಿತಿರಬೇಕು. ಬಳಿಕ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿದ್ದರೆ ಕಾಲಿನ ರಕ್ತ ಹೆಪ್ಪುಗಟ್ಟದು. ವೈದ್ಯರು ಬೇಡವೆನ್ನದಿದ್ದರೆ ಮರುದಿನವೇ ಏಳಬೇಕು. ಆ ತರುಣ ಚಿಕಿತ್ಸಕ ಕಾಕಾನನ್ನು ಎಬ್ಬಿಸಲು ಬಂದದ್ದು ಇದಕ್ಕಾಗಿಯೇ.

ತಡವಾಗಿಯಾದರೂ ಮಾಡದಲ್ಲಿದ್ದ ಹಾಳೆಯನ್ನು ಕೆಳಗಿಳಿಸಿದೆವು. ಎಣ್ಣೆಯ ಕಲೆಯ ನಡುವೆ ಚಿತ್ರಗಳು ಇನ್ನೂ ಕಾಣುತ್ತಿದ್ದವು. ವಾರಕ್ಕೊಮ್ಮೆ ಬಾಡಿಗೆಯ ವಾಹನದಲ್ಲಿ ಹುಬ್ಬಳ್ಳಿಗೆ, ಉಳಿದ ದಿನ ಮನೆಯಲ್ಲಿಯೇ ಚಿತ್ರ ನೋಡಿ ವ್ಯಾಯಾಮ. ಕಾಕಾ ಹಲ್ಲು ಕಚ್ಚುತ್ತಿದ್ದರು, ನನ್ನನ್ನು ಬಯ್ಯುತ್ತಿದ್ದರು, ಆದರೆ ಬಿಡಲಿಲ್ಲ. ಮೊಣಕಾಲು ಈಗ ಮುಕ್ಕಾಲು ಭಾಗ ಮಡಿಯುತ್ತದೆ. ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂಡುವುದು ಆಗಲಿಲ್ಲ. ಅದಕ್ಕಾಗಿ ಪಡಸಾಲೆಯಲ್ಲಿ ಒಂದು ಬೆಂಚು ಬಂದಿದೆ. ಮುಂಜಾನೆ ಕೋಲೂರಿಕೊಂಡು ಅಗಸೆಯವರೆಗೆ ಹೋಗಿ ಬರುತ್ತಾರೆ. ಮಳೆ ಬಿದ್ದ ದಿನ ಮಾತ್ರ ಹೊರಗೆ ಕಾಲಿಡುವುದಿಲ್ಲ. ಪಡಸಾಲೆಯಲ್ಲಿಯೇ ಗೋಡೆಯಿಂದ ಗೋಡೆಗೆ ಎಣಿಸುತ್ತ ನಡೆಯುತ್ತಾರೆ.