ಬಾರ್ಬರಾ ಮೆಕ್ಲಿಂಟಾಕ್

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಹೊಲಗಳಲ್ಲಿ ಮುಂಗಾರಿನ ಕಾಲಕ್ಕೆ ಮೆಕ್ಕೆಜೋಳವು ಆಳೆತ್ತರ ಬೆಳೆದು ನಿಲ್ಲುತ್ತದೆ. ಇಲ್ಲಿಯ ತೆನೆಯ ಕಾಳುಗಳು ಸಾಮಾನ್ಯವಾಗಿ ಹಳದಿ ಬಣ್ಣದವು. ಈ ಬೆಳೆಯ ತವರಾದ ಅಮೆರಿಕ ಖಂಡದಲ್ಲಾದರೋ ನೇರಳೆ ಚುಕ್ಕೆಗಳ ಕಾಳುಗಳೂ ಉಂಟು. ಆ ಚುಕ್ಕೆಗಳ ರಹಸ್ಯವನ್ನು ಭೇದಿಸಿದ ಮಹಿಳೆ ಬಾರ್ಬರಾ ಮೆಕ್ಲಿಂಟಾಕ್.

ಬಾರ್ಬರಾ ಅವರು 1902ರ ಜೂನ್ 16ರಂದು ಅಮೆರಿಕದ ಹಾರ್ಟ್‌ಫರ್ಡ್ ನಗರದಲ್ಲಿ ಜನಿಸಿದರು. ಅವರ ತಂದೆ ವೈದ್ಯರು. ಹೆಚ್ಚು ಓದಿದ ಹೆಣ್ಣಿಗೆ ವರ ದೊರೆಯುವುದು ಕಷ್ಟವೆಂದು ತಾಯಿ ಅಂಜಿದರು. ತಂದೆ ಮಗಳ ಪಕ್ಷ ವಹಿಸಿದರು. 1919ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯವನ್ನು ಸೇರಿದ ಬಾರ್ಬರಾ 1927ರಲ್ಲಿ ಡಾಕ್ಟರೇಟ್ ಪದವಿ ಪಡೆದರು. ಮೆಕ್ಕೆಜೋಳದ ಹತ್ತು ವರ್ಣತಂತುಗಳನ್ನು ಸೂಕ್ಷ್ಮದರ್ಶಕದ ನೆರವಿನಿಂದ ಒಂದೊಂದಾಗಿ ಗುರುತಿಸಿ ಕೀರ್ತಿವಂತರಾದರು.

1941ರಲ್ಲಿ ಅವರು ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಸಂಶೋಧನಾಲಯಕ್ಕೆ ಬಂದರು. ಅಲ್ಲಿ ರೈತರಂತೆ ತಾವೇ ಬಿತ್ತಿ ಬೆಳೆದು, ಪ್ರತಿಯೊಂದು ತೆನೆಯನ್ನೂ ಪರೀಕ್ಷಿಸಿದರು. ವರ್ಣತಂತುವಿನ ಕೆಲವು ಅಂಶಗಳು ಒಂದೆಡೆ ನಿಲ್ಲದೆ ಸ್ಥಾನ ಬದಲಿಸುತ್ತವೆ ಎಂಬುದು ಅವರಿಗೆ ತಿಳಿದುಬಂದಿತು. ಅಂಥ ಅಂಶವೊಂದು ಬಣ್ಣದ ಜೀನಿನೊಳಗೆ ಸೇರಿದರೆ ಕಾಳು ಬಣ್ಣಗೆಡುತ್ತದೆ. ಅದು ಹೊರಬಿದ್ದ ಜೀವಕೋಶದ ಸಂತತಿಯಲ್ಲಿ ಬಣ್ಣ ಮರಳುತ್ತದೆ. ಬೇಗ ಹೊರಬಿದ್ದರೆ ಚುಕ್ಕೆ ದೊಡ್ಡದು, ತಡವಾದರೆ ಚಿಕ್ಕದು.

ಜೀನುಗಳು ದಾರಕ್ಕೆ ಪೋಣಿಸಿದ ಮಣಿಗಳಂತೆ ಸ್ಥಿರವೆಂದು ಆಗಿನ ವಿಜ್ಞಾನಿಗಳು ನಂಬಿದ್ದರು. 1951ರಲ್ಲಿ ಬಾರ್ಬರಾ ತಮ್ಮ ಸಂಶೋಧನೆಯನ್ನು ವಿದ್ವಾಂಸರ ಮುಂದಿಟ್ಟಾಗ ಅದನ್ನು ಅರಿತವರು ವಿರಳ. ಕೆಲವೇ ವರ್ಷಗಳಲ್ಲಿ ಅವರು ಈ ವಿಷಯವಾಗಿ ಪ್ರಕಟಿಸುವುದನ್ನೇ ಬಹುಮಟ್ಟಿಗೆ ನಿಲ್ಲಿಸಿದರು. ಆದರೆ ಹೊಲವನ್ನು ಬಿಡಲಿಲ್ಲ, ತಾವು ಕಂಡ ಸತ್ಯವನ್ನೂ ಬಿಡಲಿಲ್ಲ.

ಕಾಲ ಅವರ ಪರವಾಗಿ ಸಾಕ್ಷಿ ನುಡಿಯಿತು. ಬ್ಯಾಕ್ಟೀರಿಯಗಳಲ್ಲಿಯೂ ಪ್ರಾಣಿಗಳಲ್ಲಿಯೂ ಜಿಗಿಯುವ ಅಂಶಗಳು ದೊರೆತವು. ಇವು ತಮ್ಮ ಪ್ರತಿಗಳನ್ನು ಹೆಚ್ಚಿಸಿಕೊಳ್ಳುವುದರಿಂದ ಡಿ.ಎನ್.ಎ.ಯಲ್ಲಿ ಒಂದೇ ಸಾಲು ಸಾವಿರಾರು ಬಾರಿ ಮರುಕಳಿಸುವುದುಂಟು. ಹೀಗೆ ಮರುಕಳಿಸುವ ಸಾಲುಗಳನ್ನು ರಾಯ್ ಬ್ರಿಟನ್ ಮತ್ತು ಅವರ ಸಂಗಡಿಗರು 1970ರ ದಶಕದಲ್ಲಿ ಸೀ ಅರ್ಚಿನ್ ಎಂಬ, ಮೈತುಂಬ ಮುಳ್ಳಿರುವ ಕಡಲಜೀವಿಗಳಲ್ಲಿ ಹೋಲಿಸಿ ನೋಡಿದರು. ಬಂಧು ಜಾತಿಗಳಲ್ಲಿ ಅವೇ ಸಾಲುಗಳು ಉಳಿದುಬಂದಿದ್ದವು; ಪ್ರತಿಗಳ ಸಂಖ್ಯೆ ಮಾತ್ರ ಜಾತಿಯಿಂದ ಜಾತಿಗೆ ಬೇರೆಯಾಗಿತ್ತು. ಒಂದೇ ಮನೆತನದ ಕುಲಚಿಹ್ನೆಯಂತೆ ಅವು ಪೂರ್ವಜರ ನಂಟನ್ನು ಸಾರುತ್ತಿದ್ದವು. ಮೆಕ್ಕೆಜೋಳದ ಡಿ.ಎನ್.ಎ.ಯಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಭಾಗ ಜಿಗಿಯುವ ಅಂಶಗಳಿಂದಲೇ ಆಗಿದೆ ಎಂಬುದೂ ಮುಂದೆ ತಿಳಿಯಿತು.

1983ರಲ್ಲಿ, ತಮ್ಮ 81ನೆಯ ವಯಸ್ಸಿನಲ್ಲಿ, ಬಾರ್ಬರಾ ಅವರಿಗೆ ವೈದ್ಯವಿಜ್ಞಾನದ ನೊಬೆಲ್ ಪ್ರಶಸ್ತಿ ಸಂದಿತು. ಆ ವಿಭಾಗದಲ್ಲಿ ಪ್ರಶಸ್ತಿಯನ್ನು ಯಾರೊಡನೆಯೂ ಹಂಚಿಕೊಳ್ಳದೆ ಪಡೆದ ಮೊದಲ ಮಹಿಳೆ ಅವರು. 1992ರ ಸೆಪ್ಟೆಂಬರ್ 2ರಂದು ಅವರು ನಿಧನರಾದರು. ಲೋಕ ಒಪ್ಪಲು ಮೂವತ್ತು ವರ್ಷ ಹಿಡಿದ ಸತ್ಯವನ್ನು ಅವರು ಒಂದು ತೆನೆಯ ಕಾಳುಗಳಲ್ಲಿ ಓದಿದ್ದರು.